ಹೊಸ ಲ್ಯಾಪ್‌ಟಾಪಿಗೆ ಯಾವ ಆಫೀಸ್ ಹಾಕೋದು? ಅಂಗಡಿಯವ ‘500ಕ್ಕೆ ಲೈಫ್‌ಟೈಮ್’ ಅಂತಿದ್ದಾನೆ

ಕಾಳಿ_ದಂಡೆ (ಕಾರವಾರ)
ಮನೆಗೆ ಹೊಸ ಲ್ಯಾಪ್‌ಟಾಪ್ ಬಂದಿದೆ. ವಿಂಡೋಸ್ 11, 8 ಜಿಬಿ ರ‍್ಯಾಮ್. 500 ರೂಪಾಯಿ ಕೊಟ್ರೆ ‘ಲೈಫ್‌ಟೈಮ್ ಆಫೀಸ್’ ಹಾಕಿಕೊಡ್ತೇನೆ ಅಂತಾನೆ ಅಂಗಡಿಯವ. ಬಿಲ್ಲಿನಲ್ಲಿ ಬರೆಯೋದಿಲ್ಲವಂತೆ.
ಕೆಲಸ ಮೂರು: ಕಾಲೇಜಿನ ಪ್ರಾಜೆಕ್ಟ್ ರಿಪೋರ್ಟ್, ಒಂದು ಸಂಘದ ಜಮಾಖರ್ಚು, ಮತ್ತೆ ಹಳೇ ಕಂಪ್ಯೂಟರಿನಲ್ಲಿ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬರೆದಿಟ್ಟ ಫೈಲುಗಳು (ಠರಾವು, ನೋಟಿಸು, ಅರ್ಜಿ, ಸುಮಾರು 300 ಇವೆ). ಪುಕ್ಕಟೆ ಸಿಗೋ ಓಪನ್‌ಆಫೀಸ್ ಸಾಕು ಅಂತ ಕೆಲವರು, ಅದರಲ್ಲಿ ಕನ್ನಡ ಒಡೀತದೆ ಅಂತ ಕೆಲವರು. ಯಾವುದು ಹಾಕಲಿ, ಎಲ್ಲಿಂದ ಇಳಿಸಲಿ, ಇಳಿಸಿದ್ದು ಅಸಲಿ ಅಂತ ತಿಳಿಯೋದು ಹೇಗೆ?

ಇಶಾಡು_ತೋಪು (ಅಂಕೋಲಾ)
ಬಿಲ್ಲಿನಲ್ಲಿ ಬರೆಯಲ್ಲ ಅಂದಾಗಲೇ ಉತ್ತರ ಸಿಕ್ತಲ್ಲ ಮಾರಾಯ್ರೆ.

ಗಣಕ_ಗಡಿಬಿಡಿ (ಶಿರಸಿ)
ಏನನ್ನೂ ಹಾಕೋ ಮೊದಲು ಡಬ್ಬದ ಮೇಲಿನ ಸ್ಟಿಕ್ಕರ್ ಓದಿ. ‘ಆಫೀಸ್ ಹೋಮ್ 2024’ ಅಥವಾ ‘ಹೋಮ್ ಆ್ಯಂಡ್ ಸ್ಟೂಡೆಂಟ್ 2021’ ಅಂತಿದ್ರೆ ನೀವು ಲ್ಯಾಪ್‌ಟಾಪಿನ ದುಡ್ಡಲ್ಲೇ ಅಸಲಿ ಆಫೀಸ್ ಕೊಂಡಾಗಿದೆ. ಎಷ್ಟೋ ಜನರಿಗೆ ಇದು ಗೊತ್ತೇ ಇರೋದಿಲ್ಲ, ಅದರ ಮೇಲೆ 500 ಕೊಟ್ಟು ಕಳ್ಳಮಾಲು ಹಾಕಿಸ್ಕೊಂಡು ಬರ್ತಾರೆ.
ಎರಡು ಎಚ್ಚರ. ಒಂದು, ಈ ಆಫೀಸನ್ನು ವಿಂಡೋಸ್ ಆಕ್ಟಿವೇಟ್ ಆದ 180 ದಿನದೊಳಗೆ ಪಡ್ಕೋಬೇಕು, ಆಮೇಲೆ ಅವಕಾಶ ಹೋಗ್ತದೆ. ಎರಡು, ಅದು ಯಾವ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಒತ್ತುತ್ತೀರೋ ಆ ಖಾತೆಗೆ ಅಂಟಿಕೊಳ್ತದೆ. ಅಂಗಡಿಯವ ‘ಸೆಟಪ್ ಮಾಡಿಕೊಡ್ತೆ’ ಅಂತ ತನ್ನ ಇಮೇಲ್ ಹಾಕಿದ್ರೆ ಆಫೀಸ್ ಅವನದ್ದು. ನಿಮ್ಮದೇ ಖಾತೆ, ನಿಮ್ಮದೇ ಫೋನ್ ನಂಬರು.

ಬೇಡ್ತಿ_ಹೊಳೆ (ಯಲ್ಲಾಪುರ)
ಮೇಲಿನದ್ದಕ್ಕೆ ಸೇರಿಸ್ತೇನೆ, ಇದು ಆಫೀಸಿಗಿಂತ ದೊಡ್ಡ ವಿಷಯ. ಹೊಸ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಸಾಮಾನ್ಯವಾಗಿ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗ್ತದೆ. ಅದರ 48 ಅಂಕಿಯ ರಿಕವರಿ ಕೀ ಹೋಗಿ ಕೂರೋದು ಅದೇ ಖಾತೆಯಲ್ಲಿ. ನಾಳೆ ಬಯೋಸ್ ಅಪ್‌ಡೇಟ್ ಆಗಿ ಅಥವಾ ಮದರ್‌ಬೋರ್ಡ್ ಬದಲಾಗಿ ನೀಲಿ ಪರದೆ ಕೀ ಕೇಳಿದ್ರೆ, ಕೀ ಅಂಗಡಿಯವನ ಖಾತೆಯಲ್ಲಿ. ಅವನು ಅಷ್ಟೊತ್ತಿಗೆ ಪಾಸ್‌ವರ್ಡ್ ಮರೆತಿರ್ತಾನೆ. ಫೋಟೋ, ಫೈಲು ಎಲ್ಲಾ ಹೋಯ್ತು.

ಉಪ್ಪಿನ_ಮಡಿ (ಗೋಕರ್ಣ)
ಸುಮ್ನೆ ಹೆದರಿಸಬೇಡಿ. ಜಿಲ್ಲೆಯ ಅರ್ಧ ಕಂಪ್ಯೂಟರು ಕೆಎಂಎಸ್ ಆಕ್ಟಿವೇಟರ್ (ದುಡ್ಡು ಕೊಡದೆ ಆಫೀಸ್ ಚಾಲೂ ಮಾಡೋ ಕ್ರ್ಯಾಕ್) ಮೇಲೇ ನಡೀತಿವೆ. ಒಂದ್ಸಲ ಕ್ಲಿಕ್ ಮಾಡಿದ್ರೆ ಮುಗೀತು. ಆ್ಯಂಟಿವೈರಸ್ ಬೊಗಳ್ತದೆ ಅಷ್ಟೇ, ಅದು ಸುಳ್ಳು ಎಚ್ಚರಿಕೆ.

ಬೇಡ್ತಿ_ಹೊಳೆ
ಒಂದ್ಸಲ ಕ್ಲಿಕ್ ಮಾಡಿದ್ರೆ ಮುಗಿಯೋದಿಲ್ಲ, ಅಲ್ಲೇ ಇರೋದು ತೊಂದರೆ.
ಕೆಎಂಎಸ್ ಅನ್ನೋದು ಮೈಕ್ರೋಸಾಫ್ಟಿನದ್ದೇ ವ್ಯವಸ್ಥೆ, ದೊಡ್ಡ ಸಂಸ್ಥೆಗಳಿಗೆ ಮಾಡಿದ್ದು. ಸಂಸ್ಥೆಯೊಳಗೆ ಒಂದು ಸರ್ವರ್ ಇರ್ತದೆ, ಕನಿಷ್ಠ 5 ಕಂಪ್ಯೂಟರ್ ಅದನ್ನು ಕೇಳಿದ್ರೆ ಮಾತ್ರ ಆಫೀಸಿಗೆ ಒಪ್ಪಿಗೆ ಕೊಡ್ತದೆ. ಆ ಒಪ್ಪಿಗೆ 180 ದಿನದ್ದು. ಪ್ರತಿ 7 ದಿನಕ್ಕೊಮ್ಮೆ ಆಫೀಸ್ ಹೋಗಿ ಅದನ್ನು ನವೀಕರಿಸ್ಕೊಳ್ಳೋಕೆ ನೋಡ್ತದೆ.
ಕ್ರ್ಯಾಕ್ ಮಾಡೋದೇನು? ನಿಮ್ಮ ಕಂಪ್ಯೂಟರಿನೊಳಗೇ ಒಂದು ನಕಲಿ ಸರ್ವರ್ ಎಬ್ಬಿಸ್ತದೆ, ಇಲ್ಲವಾದ್ರೆ ಇಂಟರ್ನೆಟ್ಟಿನಲ್ಲಿ ಯಾರದ್ದೋ ಸರ್ವರಿಗೆ ದಾರಿ ತೋರಿಸ್ತದೆ. ನವೀಕರಣ ನಿಲ್ಲಬಾರದಲ್ಲ, ಅದಕ್ಕೆ ಟಾಸ್ಕ್ ಶೆಡ್ಯೂಲರಿನಲ್ಲಿ ಒಂದು ಕೆಲಸ ಹಚ್ಚಿಡ್ತದೆ. ವಿಂಡೋಸಿನದ್ದೇ ಆ್ಯಂಟಿವೈರಸ್ ಡಿಫೆಂಡರ್ ಅಳಿಸಬಾರದು, ಅದಕ್ಕೆ ತನ್ನ ಫೋಲ್ಡರನ್ನು ಎಕ್ಸ್‌ಕ್ಲೂಷನ್ (ಹುಡುಕದೆ ಬಿಡೋ) ಪಟ್ಟಿಗೆ ಸೇರಿಸ್ತದೆ. ಅಂದ್ರೆ ಅಡ್ಮಿನ್ ಅಧಿಕಾರ ಇರೋ, ದಿನಾ ಓಡೋ, ಯಾರು ಬರೆದ್ರೋ ಗೊತ್ತಿಲ್ಲದ ಪ್ರೋಗ್ರಾಂ, ಅದೂ ಡಿಫೆಂಡರ್ ಇಣುಕಿ ನೋಡದ ಕೋಣೆಯಲ್ಲಿ. ಆ ಕೋಣೆಗೆ ಆಮೇಲೆ ಯಾರು ಬಂದು ಕೂತ್ರೂ ಕೇಳೋರಿಲ್ಲ. ಅದೇ ಯಂತ್ರದಲ್ಲಿ ನೆಟ್ ಬ್ಯಾಂಕಿಂಗ್.

ಉಪ್ಪಿನ_ಮಡಿ
ಹೂಂ, ಆ ಎಕ್ಸ್‌ಕ್ಲೂಷನ್ ಪಟ್ಟಿ ಎಲ್ಲಿರೋದು?

ಬೇಡ್ತಿ_ಹೊಳೆ
ವಿಂಡೋಸ್ ಸೆಕ್ಯುರಿಟಿ > ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ > ಮ್ಯಾನೇಜ್ ಸೆಟ್ಟಿಂಗ್ಸ್, ಕೆಳಗೆ ಇಳಿದ್ರೆ ಎಕ್ಸ್‌ಕ್ಲೂಷನ್ಸ್. ನೀವು ಸೇರಿಸದ ಹೆಸರು ಅಲ್ಲಿದ್ರೆ ತೆಗೀರಿ, ಆಮೇಲೆ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕೊಡಿ (ಕಂಪ್ಯೂಟರ್ ಒಮ್ಮೆ ಬಂದಾಗಿ ಎದ್ದು ಹುಡುಕ್ತದೆ). ಪಾಸ್‌ವರ್ಡುಗಳನ್ನು ಬೇರೆ ಯಂತ್ರದಿಂದ ಬದಲಾಯಿಸಿ, ಅದೇ ಯಂತ್ರದಿಂದಲ್ಲ.

ಚಾಲಿ_ರಾಶಿ (ಸಿದ್ದಾಪುರ)
ಹಾಕಿಸಿಕೊಂಡದ್ದು ಅಸಲಿಯೋ ನಕಲಿಯೋ ನೋಡಲೆ ಸುಲಭ ಇದ್ದು. ವರ್ಡ್ ತೆಗೆದು ಫೈಲ್ > ಅಕೌಂಟ್. ಮನೆಯ ಲ್ಯಾಪ್‌ಟಾಪಿನಲ್ಲಿ ‘ಪ್ರೊಫೆಷನಲ್ ಪ್ಲಸ್’ ಅಥವಾ ‘ಎಲ್‌ಟಿಎಸ್‌ಸಿ’ ಹೇಳಿ ಕಂಡ್ರೆ ಅದು ಸಂಸ್ಥೆಗಳಿಗೆ ಮಾರೋ ಆವೃತ್ತಿ, ಅಂಗಡಿ ಡಬ್ಬದಲ್ಲಿ ಬಪ್ಪದಲ್ಲ. ಆನ್‌ಲೈನಲ್ಲಿ 300-400 ರೂಪಾಯಿಗೆ ಸಿಗೋ ಕೀ ಸಹ ಬಹಳಷ್ಟು ಇದೇ ಜಾತಿ. ಯಾವುದೋ ಸಂಸ್ಥೆಯ ಕೀ ಹತ್ತಾರು ಜನಕ್ಕೆ ಮಾರ್ತ. ಮೈಕ್ರೋಸಾಫ್ಟ್ ಆ ಕೀ ನಿಲ್ಲಿಸಿದ ದಿನ ಎಲ್ಲರದ್ದೂ ಒಟ್ಟಿಗೇ ನಿಲ್ತು.

ಕೂರ್ಮಗಡ (ಕಾರವಾರ)
ಮೂಲ ಪ್ರಶ್ನೆಗೆ ಬರೋಣ. ಓಪನ್‌ಆಫೀಸ್ ಬೇಡ, ಲಿಬ್ರೆಆಫೀಸ್ ಹಾಕಿ. ಇವೆರಡನ್ನೂ ಒಂದೇ ಅಂತ ತಿಳಿದೋರು ಬಹಳ. 2010ರಲ್ಲಿ ಓಪನ್‌ಆಫೀಸಿನ ಕೆಲಸಗಾರರು ದೊಡ್ಡ ಸಂಖ್ಯೆಯಲ್ಲಿ ಹೊರಬಂದು ಡಾಕ್ಯುಮೆಂಟ್ ಫೌಂಡೇಷನ್ ಕಟ್ಟಿಕೊಂಡು ಲಿಬ್ರೆಆಫೀಸ್ ಶುರುಮಾಡಿದ್ರು. ಹಳೇ ಹೆಸರು 2011ರಲ್ಲಿ ಅಪಾಚೆಗೆ ಹೋಯ್ತು, ಅಲ್ಲಿ ಕೆಲಸ ಆಮೆನಡಿಗೆ. ಓಪನ್‌ಆಫೀಸ್ ಇವತ್ತಿಗೂ ಡಾಕ್‌ಎಕ್ಸ್ (ವರ್ಡಿನ ಫೈಲು) ತೆರೀತದೆ, ಆದ್ರೆ ಡಾಕ್‌ಎಕ್ಸ್ ಆಗಿ ಉಳಿಸೋದಿಲ್ಲ. ಕಾಲೇಜಿಗೆ ರಿಪೋರ್ಟ್ ಕಳಿಸೋರಿಗೆ ಅಷ್ಟೇ ಕಾರಣ ಸಾಕು.

ಇಳಿಸೋದು ಹೀಗೆ:
ಹುಡುಕಿದಾಗ ಮೇಲೆ ಬರೋ ಜಾಹೀರಾತು ಕೊಂಡಿ ಒತ್ತಬೇಡಿ. ವಿಳಾಸಪಟ್ಟಿಯಲ್ಲಿ ಲಿಬ್ರೆಆಫೀಸ್ ಡಾಟ್ ಆರ್ಗ್ ಅಂತ ಕೈಯಾರೆ ಹೊಡೀರಿ. ವಿಂಡೋಸ್ 64 ಬಿಟ್ ಆರಿಸಿ (ಸ್ನ್ಯಾಪ್‌ಡ್ರ್ಯಾಗನ್ ಚಿಪ್ಪಿನ ಲ್ಯಾಪ್‌ಟಾಪ್ ಆದ್ರೆ ಆರ್ಮ್ 64). ಫೈಲು ಎಂಎಸ್‌ಐ ಆಗಿರ್ತದೆ, ಸುಮಾರು 350 ಎಂಬಿ. 2 ಎಂಬಿಯ ‘ಡೌನ್‌ಲೋಡರ್’ ಬಂತೋ, ತಪ್ಪು ಜಾಗಕ್ಕೆ ಹೋಗಿದ್ದೀರಿ. ಇಳಿಯೋಕೆ ಶುರುವಾದ ಮೇಲೆ ದೇಣಿಗೆ ಪುಟ ತೆರೀತದೆ, ಅದು ಬಿಲ್ಲಲ್ಲ, ಮುಚ್ಚಿದ್ರೂ ನಡೀತದೆ.

ಅಸಲಿ ಅಂತ ನೋಡೋಕೆ: ಫೈಲಿನ ಮೇಲೆ ರೈಟ್ ಕ್ಲಿಕ್ > ಪ್ರಾಪರ್ಟೀಸ್ > ಡಿಜಿಟಲ್ ಸಿಗ್ನೇಚರ್ಸ್. ‘ದ ಡಾಕ್ಯುಮೆಂಟ್ ಫೌಂಡೇಷನ್’ ಅಂತಿರಬೇಕು. ಇನ್‌ಸ್ಟಾಲ್ ಮಾಡುವಾಗ ಪರದೆ ಮಬ್ಬಾಗಿ ಬರೋ ಪೆಟ್ಟಿಗೆಯಲ್ಲೂ ‘ವೆರಿಫೈಡ್ ಪಬ್ಲಿಷರ್’ ಎದುರು ಅದೇ ಹೆಸರು. ‘ಅನ್‌ನೋನ್’ ಅಂತ ಕಂಡ್ರೆ ‘ನೋ’ ಒತ್ತಿ.

ಜೋಯ್ಡಾ_ಕಾಡು
350 ಎಂಬಿ ಅಂತ ಸಲೀಸಾಗಿ ಹೇಳಿದ್ರಿ. ಇಲ್ಲಿ ನೆಟ್‌ವರ್ಕ್ ಹಿಡಿಯೋಕೆ ಗುಡ್ಡ ಹತ್ತಬೇಕು. ದಾಂಡೇಲಿಯಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ತಂದ್ರೆ ನಂಬಬಹುದಾ?

ಕೂರ್ಮಗಡ
ತನ್ನಿ, ಹ್ಯಾಶ್ (ಫೈಲಿನ ಬೆರಳಚ್ಚು ಇದ್ದ ಹಾಗೆ) ತಾಳೆ ನೋಡಿ ಹಾಕಿ. ಇಳಿಸೋ ಪುಟದಲ್ಲೇ ಶಾ-256 ಅಂತ 64 ಅಕ್ಷರದ ಸಾಲು ಸಿಗ್ತದೆ, ಫೋನಿನಲ್ಲಿ ಫೋಟೋ ಹಿಡ್ಕೊಂಡು ಬನ್ನಿ. ಮನೆಯಲ್ಲಿ ಪವರ್‌ಶೆಲ್ ತೆಗೆದು ಇಂಗ್ಲಿಷಿನಲ್ಲಿ ‘ಗೆಟ್-ಫೈಲ್‌ಹ್ಯಾಶ್’ ಹೊಡೆದು, ಒಂದು ಸ್ಪೇಸ್ ಬಿಟ್ಟು, ಫೈಲನ್ನು ಎಳೆದು ಆ ಕಿಟಕಿಯೊಳಗೆ ಬಿಡಿ, ಎಂಟರ್. ಮೊದಲ 6, ಕೊನೆಯ 6 ಅಕ್ಷರ ನೋಡಿ ಬಿಡಬೇಡಿ, ಪೂರ್ತಿ ಓದಿ. ಪವರ್‌ಶೆಲ್ಲನ್ನು ಅಡ್ಮಿನ್ ಆಗಿ ತೆರೆದ್ರೆ ಎಳೆದು ಬಿಡೋದು ನಡೆಯೋಲ್ಲ, ಮಾಮೂಲಾಗಿ ತೆರೀರಿ.
ಅರ್ಧಕ್ಕೆ ನಿಂತ ಡೌನ್‌ಲೋಡ್ ಆದ್ರೂ ಹ್ಯಾಶ್ ಹೊಂದೋಲ್ಲ. ಆಗ ವೈರಸ್ ಅಂತ ಗಾಬರಿ ಬೇಡ, ಮೊದಲು ಫೈಲಿನ ಗಾತ್ರ ನೋಡಿ. ನೆಟ್ ಕಡಿದು ಕಡಿದು ಬರೋ ಕಡೆಗೆ ಅದೇ ಪುಟದಲ್ಲಿ ಟೊರೆಂಟ್ ಕೊಂಡಿಯೂ ಇದೆ, ನಿಂತಲ್ಲಿಂದ ಮುಂದುವರಿಯುತ್ತೆ, ತುಂಡು ತುಂಡನ್ನೂ ತಾನೇ ತಾಳೆ ನೋಡ್ತದೆ.

ಇಶಾಡು_ತೋಪು
ಪೆನ್‌ಡ್ರೈವ್ ಝೆರಾಕ್ಸ್ ಅಂಗಡಿಗೆ ಹೋಗಿ ಬಂದಿದ್ರೆ ಇನ್ನೊಂದು ಕಥೆ. ಫೋಲ್ಡರ್ ಎಲ್ಲಾ ಶಾರ್ಟ್‌ಕಟ್ ಆಗಿರ್ತವೆ, ಐಕಾನಿನ ಮೂಲೆಯಲ್ಲಿ ಸಣ್ಣ ಬಾಣ. ಡಬಲ್ ಕ್ಲಿಕ್ ಮಾಡಿದ್ರೆ ವೈರಸ್ಸು ಓಡ್ತದೆ, ಜೊತೆಗೆ ಫೋಲ್ಡರೂ ತೆರೀತದೆ, ಹಾಗಾಗಿ ಯಾರಿಗೂ ಗೊತ್ತಾಗೋದಿಲ್ಲ. ಅಸಲಿ ಫೈಲುಗಳು ಅಲ್ಲೇ ಅಡಗಿರ್ತವೆ, ಫಾರ್ಮ್ಯಾಟ್ ಮಾಡಿ ಕಳ್ಕೋಬೇಡಿ.

ಮಾರಿಕಾಂಬಾ_ಪೇಟೆ (ಶಿರಸಿ)
ಲಿಬ್ರೆಆಫೀಸ್ ಗುಣಗಾನ ಆಯ್ತು. ಲೆಕ್ಕಪತ್ರದ ಕೆಲಸದೋರು ಸ್ವಲ್ಪ ತಡೀರಿ. ಜಿಎಸ್‌ಟಿಆರ್-9ರ (ಜಿಎಸ್‌ಟಿಯ ವಾರ್ಷಿಕ ರಿಟರ್ನ್) ಆಫ್‌ಲೈನ್ ಯುಟಿಲಿಟಿ ಮ್ಯಾಕ್ರೋ (ಫೈಲಿನೊಳಗೇ ಓಡೋ ಸಣ್ಣ ಪ್ರೋಗ್ರಾಂ) ಇರೋ ಎಕ್ಸೆಲ್ ಫೈಲು. ಲಿಬ್ರೆಆಫೀಸಿನ ಲೆಕ್ಕದ ಹಾಳೆ ಕ್ಯಾಲ್ಕಿನಲ್ಲಿ ತೆರೀತದೆ, ‘ವ್ಯಾಲಿಡೇಟ್’ ಬಟನ್ ಒತ್ತಿದ್ರೆ ಕೆಲಸ ಮಾಡೋದಿಲ್ಲ. ಅಡಿಕೆ ವ್ಯಾಪಾರ, ದಲಾಲಿ ಅಂಗಡಿ, ಆಡಿಟ್ ಕೆಲಸ ಇದ್ದೋರಿಗೆ ಅಸಲಿ ಎಕ್ಸೆಲ್ ಬೇಕೇ ಬೇಕು. ಪುಕ್ಕಟೆ ಸಿಕ್ತು ಅಂತ ಎಲ್ಲರಿಗೂ ಒಂದೇ ಮದ್ದು ಕೊಡಬೇಡಿ.

ಕೂರ್ಮಗಡ
ಒಪ್ಪಿದೆ. ಆದ್ರೆ ಕಾಳಿ_ದಂಡೆ ಕೇಳಿದ್ದು ಸಂಘದ ಜಮಾಖರ್ಚು, ಜಿಎಸ್‌ಟಿ ಅಲ್ಲ.

ಮಾರಿಕಾಂಬಾ_ಪೇಟೆ
ಓದೋರು ಅವರೊಬ್ಬರೇ ಅಲ್ಲವಲ್ಲ. ಪಟ್ಟಿಯಲ್ಲಿ ಹುಡುಕೋ ‘ಎಕ್ಸ್‌ಲುಕಪ್’ ಸೂತ್ರ ಕೂಡ ಕ್ಯಾಲ್ಕಿಗೆ ಬಂದಿದ್ದು 24.8ನೇ ಆವೃತ್ತಿಯಲ್ಲಿ. ಅದಕ್ಕಿಂತ ಹಳೇದು ಹಾಕ್ಕೊಂಡು ಬೇರೆಯವರ ಶೀಟ್ ತೆರೆದ್ರೆ ತಪ್ಪು ತೋರಿಸ್ತದೆ. ಹಾಗೇ ಅಸಲಿ ಬೇಕು ಅನ್ನೋರಿಗೆ ಲೆಕ್ಕ ಇಷ್ಟು: ಆಫೀಸ್ 2024 ಒಮ್ಮೆ ಕೊಂಡ್ರೆ ಒಂದು ಕಂಪ್ಯೂಟರಿಗೆ, ಸುರಕ್ಷತಾ ಅಪ್‌ಡೇಟ್ 2029ರ ಅಕ್ಟೋಬರ್‌ವರೆಗೆ. ಮೈಕ್ರೋಸಾಫ್ಟ್ 365 ಫ್ಯಾಮಿಲಿ ವರ್ಷದ ಚಂದಾ, 6 ಜನರವರೆಗೆ ಹಂಚ್ಕೋಬಹುದು, ತಲಾ 1 ಟಿಬಿ ಜಾಗ. ಅಣ್ಣ-ತಮ್ಮ, ಬೆಂಗಳೂರಿನ ಮಗಳು ಎಲ್ಲಾ ಸೇರಿದ್ರೆ ತಲೆಗೆ ಬೀಳೋದು ಕಡಿಮೆ. 2016, 2019 ಯಾರಾದ್ರೂ ಮಾರೋಕೆ ಬಂದ್ರೆ ಬೇಡ ಅನ್ನಿ, ಎರಡಕ್ಕೂ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿದೆ.

ಯಾಣ_ಬಂಡೆ (ಕುಮಟಾ)
ಏನೂ ಹಾಕದೇನೂ ಆಗ್ತದೆ. ಬ್ರೌಸರಿನಲ್ಲಿ ವರ್ಡ್, ಎಕ್ಸೆಲ್ ಉಚಿತ, 5 ಜಿಬಿ ಜಾಗ ಕೊಡ್ತಾರೆ. ಗೂಗಲ್ ಡಾಕ್ಸ್ ಆದ್ರೆ 15 ಜಿಬಿ.

ಜೋಯ್ಡಾ_ಕಾಡು
ಮತ್ತೆ ಗುಡ್ಡ ಹತ್ತಬೇಕು.

ಗಣಕ_ಗಡಿಬಿಡಿ
ನುಡಿ ಫೈಲಿನ ವಿಷಯ ಯಾರೂ ಮುಟ್ಟಲೇ ಇಲ್ಲ, ಅಸಲಿ ತಲೆನೋವು ಅದೇ. ಯಾವ ಆಫೀಸ್ ಹಾಕಿದ್ರೂ ಅದು ತಪ್ಪಿದ್ದಲ್ಲ.

ಹಳೇ ನುಡಿ ಫೈಲಿನಲ್ಲಿ ಇರೋದು ಕನ್ನಡ ಅಲ್ಲ. ‘ನುಡಿ 01 ಇ’ ಫಾಂಟಿನಲ್ಲಿ ‘ಕನ್ನಡ’ ಅಂತ ಕಾಣೋ ಪದವನ್ನು ಆರಿಸಿ ಫಾಂಟನ್ನು ಏರಿಯಲ್ ಮಾಡಿ ನೋಡಿ: ಇಂಗ್ಲಿಷಿನ ದೊಡ್ಡ ಪಿ, ನೆತ್ತಿ ಮೇಲೆ ಗೀಟಿರೋ ಎ, ಪೌಂಡ್ ಹಣದ ಚಿಹ್ನೆ, ಮತ್ತೊಂದು ಗೀಟಿನ ಎ, ಬೀಟಾ ಥರದ ಜರ್ಮನ್ ಅಕ್ಷರ, ಸಣ್ಣ ಕ್ಯೂ, ಇನ್ನೊಂದು ಎ. ಆ ಬೀಟಾ ಥರದ್ದೇ ನಮ್ಮ ‘ನ’ ಒತ್ತು. ಅಂದ್ರೆ ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಮುಖವಾಡ ಹಾಕಿದ್ದು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಮುಖವಾಡ ಕಳಚ್ತದೆ. ‘ಲಿಬ್ರೆಆಫೀಸ್ ಕನ್ನಡ ಒಡೀತದೆ’ ಅನ್ನೋರಲ್ಲಿ ಬಹುಪಾಲು ನೋಡಿದ್ದು ಇದನ್ನೇ.

ಮಾಡಬೇಕಾದ್ದು:
ಮೊದಲು ನುಡಿ ಫಾಂಟುಗಳನ್ನು ಹೊಸ ಲ್ಯಾಪ್‌ಟಾಪಿಗೆ ಹಾಕಿ. ಫಾಂಟ್ ಫೈಲಿನ ಮೇಲೆ ರೈಟ್ ಕ್ಲಿಕ್, ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’. ‘ಇ’ ಅಂದ್ರೆ ಇಂಗ್ಲಿಷ್ ಅಂಕಿ, ‘ಕೆ’ ಅಂದ್ರೆ ಕನ್ನಡ ಅಂಕಿ, ಎರಡೂ ಹಾಕಿ. ಅಷ್ಟಾದ್ರೆ 300 ಫೈಲೂ ಓದೋಕೆ, ಪ್ರಿಂಟ್ ತೆಗೆಯೋಕೆ ಬರ್ತವೆ.

ತಿದ್ದೋಕೆ ಹೋಗೋ ಮೊದಲು ಆಟೋಕರೆಕ್ಟ್ ಬಂದ್ ಮಾಡಿಬಿಡಿ. ಟೂಲ್ಸ್ > ಆಟೋಕರೆಕ್ಟ್ ಆಪ್ಷನ್ಸ್‌ನಲ್ಲಿ ವಾಕ್ಯದ ಮೊದಲಕ್ಷರ ದೊಡ್ಡದು ಮಾಡೋದು, ಎರಡು ದೊಡ್ಡಕ್ಷರ ತಿದ್ದೋದು, ಉದ್ಧರಣ ಚಿಹ್ನೆ ಬದಲಾಯಿಸೋದು, ಮೂರೂ ಟಿಕ್ ತೆಗೀರಿ. ಇಲ್ಲವಾದ್ರೆ ಅದು ಸಣ್ಣ ಅಕ್ಷರ ಅಂತ ಹೋಗಿ ದೊಡ್ಡದು ಮಾಡ್ತದೆ, ಇಲ್ಲಿ ಒಂದು ಕನ್ನಡ ಅಕ್ಷರ ಹೋಗಿ ಇನ್ನೊಂದು ಕೂರ್ತದೆ. ಠರಾವಿನ ಮೊದಲ ಪದವೇ ಬೇರೆ. ವರ್ಡಿನಲ್ಲೂ ಇದೇ ಕಾಟ.

ಯುನಿಕೋಡಿಗೆ (ಮುಖವಾಡ ಇಲ್ಲದ ಅಸಲಿ ಕನ್ನಡ ಅಕ್ಷರ) ಬದಲಾಯಿಸೋದು ಮುಂದೆ ಬೇಕಾಗೋ ಫೈಲಿಗಷ್ಟೇ. ನುಡಿಯ ಹೊಸ ಆವೃತ್ತಿಯಲ್ಲೇ ಪರಿವರ್ತಕ ಇದೆ. ಅದು ನಡುವೆ ಇರೋ ಅಸಲಿ ಇಂಗ್ಲಿಷನ್ನೂ ಕನ್ನಡ ಅಂತಲೇ ತಿಳಿದು ಕಲಸಿಬಿಡ್ತದೆ. ಇಮೇಲ್ ವಿಳಾಸ, ಸರ್ವೆ ನಂಬರಿನ ಮುಂದಿನ ಇಂಗ್ಲಿಷ್ ಅಕ್ಷರ, ಐಎಫ್‌ಎಸ್‌ಸಿ ಕೋಡ್ ಇವನ್ನು ಆಮೇಲೆ ಕಣ್ಣಿಟ್ಟು ನೋಡಿ. ಮೂಲ ಫೈಲು ಅಳಿಸಬೇಡಿ.

ಅಘನಾಶಿನಿ_ಅಳಿವೆ
ಬರೋಬರಿ. ಒಂದು ಸೇರಿಸ್ತೇನೆ: ಲಿಬ್ರೆಆಫೀಸಿನ ಫಾರ್ಮ್ಯಾಟ್ > ಕ್ಯಾರೆಕ್ಟರ್ ಪೆಟ್ಟಿಗೆಯಲ್ಲಿ ‘ವೆಸ್ಟರ್ನ್’ ಬೇರೆ, ‘ಕಾಂಪ್ಲೆಕ್ಸ್’ ಬೇರೆ. ಯುನಿಕೋಡ್ ಕನ್ನಡಕ್ಕೆ ಫಾಂಟ್, ಅಳತೆ ಎರಡೂ ‘ಕಾಂಪ್ಲೆಕ್ಸ್’ ಕಡೆ ಕೊಡಬೇಕು. ನುಡಿಯ ಹಳೇ ಬರಹ ಕಂಪ್ಯೂಟರಿನ ಲೆಕ್ಕದಲ್ಲಿ ಇಂಗ್ಲಿಷು, ಅದಕ್ಕೆ ‘ವೆಸ್ಟರ್ನ್’ ಕಡೆ. ‘ಸೈಜ್ 14 ಮಾಡಿದ್ರೂ ಕನ್ನಡ 12ರಲ್ಲೇ ನಿಂತಿದೆ’ ಅನ್ನೋದು ಇದೇ. ‘ಕಾಂಪ್ಲೆಕ್ಸ್’ ಭಾಗವೇ ಕಾಣದಿದ್ರೆ ಟೂಲ್ಸ್ > ಆಪ್ಷನ್ಸ್ > ಲ್ಯಾಂಗ್ವೇಜಸ್‌ನಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಟಿಕ್ ಹಾಕಿ.
ಅಲ್ಲೇ ಲೊಕೇಲ್ (ತಾರೀಖು, ಅಂಕಿ ಯಾವ ದೇಶದ ರೀತಿ ಅನ್ನೋದು) ‘ಇಂಗ್ಲಿಷ್ (ಇಂಡಿಯಾ)’ ಮಾಡಿ. ಅಮೆರಿಕದ್ದು ಇದ್ರೆ 05/06 ಅಂದ್ರೆ ಮೇ 6 ಅಂತ ಓದ್ತದೆ, 13/06 ಅಂದ್ರೆ ತಾರೀಖೇ ಅಲ್ಲ ಅಂತ ಎಡಕ್ಕೆ ಸರಿಸಿ ಇಡ್ತದೆ. ಜಮಾಖರ್ಚು ತಾರೀಖಿನ ಪ್ರಕಾರ ಜೋಡಿಸಿದಾಗ ಅರ್ಧ ಸಾಲು ಕೆಳಗೆ ಬಿದ್ರೆ ಗುಮಾನಿ ಇಲ್ಲೇ ಪಡಿ. ತುಂಬಿದ ಮೇಲೆ ಲೊಕೇಲ್ ಬದಲಾಯಿಸಿದ್ರೆ ತಪ್ಪು ಓದಿದ್ದು ಸರಿಯಾಗೋದಿಲ್ಲ.

ಚಾಲಿ_ರಾಶಿ
ಅಡಿಕೆ ಲೆಕ್ಕ ಇಡವರಿಗೂ ಇದೇ ಮಾತು. ಧಾರಣೆ ಕ್ವಿಂಟಲಿಗೆ, ತೂಕ ಕಿಲೋದಲ್ಲಿ. ತೂಕ ಗುಣಿಸು ಧಾರಣೆ ಭಾಗಿಸು 100. ‘ರಾಶಿ’, ‘ಬೆಟ್ಟೆ’, ‘ಕೆಂಪುಗೋಟು’ ಒಂದೊಂದು ಸಲ ಒಂದೊಂದು ರೀತಿ ಬರೆದ್ರೆ ಮೊತ್ತ ಕೂಡ್ತಿಲ್ಲೆ. ಡೇಟಾ > ವ್ಯಾಲಿಡಿಟಿಯಲ್ಲಿ ಪಟ್ಟಿ ಮಾಡಿ ಇಟ್ಕಳಿ, ಆರಿಸೋದಷ್ಟೇ.

ಇಶಾಡು_ತೋಪು
ಚಾಲಿ ಧಾರಣೆ ಎಷ್ಟಾಯ್ತು ಈಗ?

ಮಾರಿಕಾಂಬಾ_ಪೇಟೆ
ಅದಕ್ಕೆ ಬೇರೆ ಚರ್ಚೆ ಇದೆ, ಅಲ್ಲಿ ಹೋಗಿ ಕೇಳಿ.

ಯಾಣ_ಬಂಡೆ
ಲಿಬ್ರೆಆಫೀಸಿನಲ್ಲಿ ಮಾಡಿದ ರಿಪೋರ್ಟ್ ಕಾಲೇಜಿನ ವರ್ಡಿನಲ್ಲಿ ತೆರೆದಾಗ ಪುಟ ಹಾರಿ ಹೋಗೋದಕ್ಕೆ ಏನು ಮದ್ದು?

ಕೂರ್ಮಗಡ
ಬಹಳಷ್ಟು ಸಲ ಫಾಂಟಿನ ಅಗಲದ್ದೇ ವ್ಯತ್ಯಾಸ. ಕ್ಯಾಲಿಬ್ರಿ ಬದಲಿಗೆ ಅದೇ ಅಗಲದ ಕಾರ್ಲಿಟೋ, ಟೈಮ್ಸ್ ನ್ಯೂ ರೋಮನ್ ಬದಲಿಗೆ ಲಿಬರೇಷನ್ ಸೆರಿಫ್ ಲಿಬ್ರೆಆಫೀಸಿನ ಜೊತೆಗೇ ಬರ್ತವೆ, ಸಾಲು ಕದಲೋದಿಲ್ಲ. ಹೊಸ ವರ್ಡಿನ ‘ಆಪ್ಟೋಸ್’ಗೆ ಅಂಥ ಜೋಡಿ ಜೊತೆಗೆ ಬರೋದಿಲ್ಲ, ಹಾರ್ತದೆ. ರಿಪೋರ್ಟನ್ನು ಟೈಮ್ಸ್‌ನಲ್ಲೇ ಬರೀರಿ. ಹೊಸ ಪುಟಕ್ಕೆ ಎಂಟರ್ ಒತ್ತಿ ಒತ್ತಿ ಇಳೀಬೇಡಿ, ಕಂಟ್ರೋಲ್ + ಎಂಟರ್ ಕೊಡಿ. ಕೆಲಸ ಪೂರ್ತಿ ಓಡಿಟಿಯಲ್ಲಿ (ಲಿಬ್ರೆಆಫೀಸಿನ ಸ್ವಂತ ಫೈಲು) ಮಾಡಿ ಕೊನೆಗೊಮ್ಮೆ ಡಾಕ್‌ಎಕ್ಸ್ ಮಾಡಿ, ದಿನಾ ಆಚೆ ಈಚೆ ಮಾಡಿದ್ರೆ ಟೇಬಲ್ ಸವೀತದೆ.
ಪ್ರಿಂಟಿಗೆ ಪಿಡಿಎಫ್. ಝೆರಾಕ್ಸ್ ಅಂಗಡಿಗೆ ಡಾಕ್‌ಎಕ್ಸ್ ಕೊಂಡೊಯ್ದು ಅಲ್ಲಿ ಕೂತು ಅಲೈನ್‌ಮೆಂಟ್ ಸರಿಮಾಡೋದು ಯಾಕೆ ಬೇಕು.

ಜೋಯ್ಡಾ_ಕಾಡು
ಮಳೆಗಾಲದಲ್ಲಿ ಕರೆಂಟ್ ಹೋಗಿ ಬರ್ತಿರ್ತದೆ, ಡೆಸ್ಕ್‌ಟಾಪು, ಯುಪಿಎಸ್ ಸತ್ತಿದೆ. ಬರೆದದ್ದು ಹೋಗದಂಗೆ?

ಅಘನಾಶಿನಿ_ಅಳಿವೆ
ಟೂಲ್ಸ್ > ಆಪ್ಷನ್ಸ್ > ಲೋಡ್/ಸೇವ್ > ಜನರಲ್. ಆಟೋರಿಕವರಿ 10 ನಿಮಿಷಕ್ಕಿರ್ತದೆ, 3 ಮಾಡಿ. ‘ಬ್ಯಾಕಪ್ ಕಾಪಿ’ ಟಿಕ್ ಹಾಕಿ. ಆದ್ರೂ ಒಮ್ಮೆಯೂ ಉಳಿಸದ ಹೆಸರಿಲ್ಲದ ಫೈಲನ್ನು ನಂಬಬೇಡಿ, ಮೊದಲ ಸಾಲು ಬರೆಯೋ ಮುಂಚೆ ಹೆಸರಿಟ್ಟು ಉಳಿಸಿ.

ಉಪ್ಪಿನ_ಮಡಿ
ಎಕ್ಸ್‌ಕ್ಲೂಷನ್ ಪಟ್ಟಿ ನೋಡಿದೆ. ನಾಲ್ಕು ಇವೆ. ಒಂದು ಪೂರ್ತಿ ಸಿ ಡ್ರೈವ್.

ಬೇಡ್ತಿ_ಹೊಳೆ
ಸಿ ಡ್ರೈವ್ ಪೂರ್ತಿ ಅಂದ್ರೆ ಮನೆಯ ಎಲ್ಲಾ ಬಾಗಿಲೂ ತೆಗೆದಿಟ್ಟ ಹಾಗೆ. ಅಲ್ಲಿ ಸ್ಕ್ಯಾನ್ ಮಾಡಿ ಸಮಾಧಾನ ಪಟ್ಕೊಳ್ಳೋದು ಬೇಡ. ಡಾಕ್ಯುಮೆಂಟು, ಫೋಟೋ ಮಾತ್ರ ಹೊರಗೆ ತೆಗೀರಿ (ಯಾವ ಸೆಟಪ್ ಫೈಲೂ ಬೇಡ), ವಿಂಡೋಸ್ ರೀಸೆಟ್ ಮಾಡಿ, ‘ರಿಮೂವ್ ಎವೆರಿಥಿಂಗ್’. ಹಳೇ ವಿಂಡೋಸ್ 10 ಆಗಿದ್ರೆ ಇನ್ನೊಂದು: ಅದರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಮನೆಬಳಕೆಯೋರಿಗೆ 2026ರ ಅಕ್ಟೋಬರ್‌ವರೆಗೆ ಹೆಚ್ಚುವರಿ ಸುರಕ್ಷತಾ ಅಪ್‌ಡೇಟಿಗೆ ನೋಂದಣಿ ಇತ್ತು, ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ನೋಡಿ.

ಕಾಳಿ_ದಂಡೆ
ಎಲ್ಲರಿಗೂ ಧನ್ಯವಾದ. ಸ್ಟಿಕ್ಕರಿನಲ್ಲಿ ಆಫೀಸ್ ಹೋಮ್ 2024 ಇತ್ತು! ನಮ್ಮದೇ ಖಾತೆಯಲ್ಲಿ ಆಕ್ಟಿವೇಟ್ ಆಯ್ತು. ನುಡಿ ಫಾಂಟ್ ಹಾಕಿದೆ, ಫೈಲು ತೆರೀತಿವೆ. ಹಳೇ ಕಂಪ್ಯೂಟರಿಗೆ ಲಿಬ್ರೆಆಫೀಸ್ ಹಾಕೋಕೆ ಹೋದ್ರೆ ಮಾತ್ರ ‘ಸ್ಟೋರಿನಿಂದ ಮಾತ್ರ ಆ್ಯಪ್ ಹಾಕಬಹುದು’ ಅಂತದೆ. ಸ್ಟೋರಿನಲ್ಲಿ ದುಡ್ಡು ಕೇಳ್ತದೆ.

ಕೂರ್ಮಗಡ
ಅದು ಎಸ್ ಮೋಡ್. ಸೆಟ್ಟಿಂಗ್ಸ್‌ನ ಆಕ್ಟಿವೇಷನ್ ಪುಟದಲ್ಲಿ ‘ಸ್ವಿಚ್ ಔಟ್ ಆಫ್ ಎಸ್ ಮೋಡ್’ ಇದೆ, ಉಚಿತ. ಒಮ್ಮೆ ಹೊರಬಂದ್ರೆ ಮತ್ತೆ ಒಳಗೆ ಹೋಗೋಕಾಗಲ್ಲ, ತೊಂದರೆ ಏನಿಲ್ಲ. ಅಲ್ಲಿ ಎಸ್ ಮೋಡ್ ಸಾಲೇ ಇಲ್ಲವಾದ್ರೆ ಸೆಟ್ಟಿಂಗ್ಸ್ > ಆ್ಯಪ್ಸ್‌ನಲ್ಲಿ ‘ಎಲ್ಲಿಂದ ಬೇಕಾದ್ರೂ’ ಅಂತ ಬದಲಾಯಿಸಿ, ಅಷ್ಟೇ. ಸ್ಟೋರಿನಲ್ಲಿರೋದೂ ಡಾಕ್ಯುಮೆಂಟ್ ಫೌಂಡೇಷನ್ನಿನದ್ದೇ, ಮೋಸ ಅಲ್ಲ, ಆದ್ರೆ ಅದೇ ಮಾಲು ಅವರ ತಾಣದಲ್ಲಿ ಪುಕ್ಕಟೆ ಇದೆ.

ಬೇಡ್ತಿ_ಹೊಳೆ
ಕಾಳಿ_ದಂಡೆ, ಆ 48 ಅಂಕಿ ಬರೆದಿಟ್ಕೊಂಡ್ರಾ?

ಕಾಳಿ_ದಂಡೆ
ರೇಷನ್ ಕಾರ್ಡಿನ ಹಿಂದೆ ಬರೆದಿದ್ದೇನೆ.

ಬೇಡ್ತಿ_ಹೊಳೆ
ಬೇರೆ ಹಾಳೆಯಲ್ಲಿ ಬರೀರಿ ಮಾರಾಯ್ರೆ, ರೇಷನ್ ಕಾರ್ಡನ್ನು ನಾಳೆ ಝೆರಾಕ್ಸಿಗೆ ಕೊಡ್ತೀರಿ.